ಸೋಮವಾರದ ಮುಕಾಬಲಾ

ಮೇನ್‌ಫ್ರೇಮ್ ಎಂಬ ಯಂತ್ರದ ಸೇವೆಯಲ್ಲಿ ನನ್ನ ಮೂವತ್ತೊಂದು ವರ್ಷ ಕಳೆದವು. ಅದನ್ನು ಕಣ್ಣಾರೆ ಕಂಡದ್ದು ಎರಡೇ ಸಲ. ಎರಡನೆಯ ಸಲ ಚಪ್ಪಲಿ ಹೊರಗೆ ಬಿಟ್ಟು, ಕೈ ಕಟ್ಟಿಕೊಂಡು ನಿಂತಿದ್ದೆ. ಧೂಳು ಬರಬಾರದೆಂಬ ನಿಯಮಕ್ಕೆ ಚಪ್ಪಲಿ, ಏನನ್ನೂ ಮುಟ್ಟಬಾರದೆಂಬ ನಿಯಮಕ್ಕೆ ಕೈ, ಭಕ್ತಿ ಇರಲಿಲ್ಲ. ಹೊರಗಿನವರು ನೋಡಿದ್ದರೆ ಮಾತ್ರ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ದೊಡ್ಡ ಸಂಸ್ಥೆಗಳು ತಣ್ಣನೆಯ ಕೋಣೆಯೊಂದರಲ್ಲಿ ಬೀರುವಿನ ಗಾತ್ರದ ಒಂದು ಕಂಪ್ಯೂಟರನ್ನು ಸಾಕಿಕೊಂಡಿರುತ್ತವೆ. ಲಕ್ಷಗಟ್ಟಲೆ ಜನರ ಹೆಸರುಗಳನ್ನು ಅದು ಸಾಲಾಗಿ, ಒಂದಾದ ಮೇಲೊಂದು, ಬೇಸರವಿಲ್ಲದೆ ನೋಡುತ್ತದೆ. ಹೇಳಿದ್ದನ್ನು ಮಾಡುತ್ತದೆ. ಹೇಳದ್ದನ್ನು ಮಾಡುವುದಿಲ್ಲ. ಒಂದು ಅಕ್ಷರ ಆಚೀಚೆಯಾದರೆ ಇಡೀ ಕಡತವನ್ನು ಒದ್ದು ಹೊರಗೆ ಹಾಕುತ್ತದೆ. ಈ ಗುಣಗಳೆಲ್ಲ ಕಾಲಕ್ರಮೇಣ ನನಗೂ ಅಂಟಿವೆಯೆಂದು ಮನೆಯಲ್ಲಿ ಒಂದು ಅಭಿಪ್ರಾಯವಿದೆ.

ನಿವೃತ್ತನಾಗಿ ಯಾದಗಿರಿಗೆ ಬಂದ ಮೇಲೆ ಈ ವಿದ್ಯೆಯಿಂದ ಊರಿಗಾಗಲಿ ನನಗಾಗಲಿ ಏನೂ ಉಪಯೋಗವಿಲ್ಲವೆಂದು ನೆಮ್ಮದಿಯಾಗಿದ್ದೆ. ಆಗ ಒಂದು ಧರ್ಮಾರ್ಥ ಟ್ರಸ್ಟಿನವರು ಹುಡುಕಿಕೊಂಡು ಬಂದರು. ಅವರಿಗೆ ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಒಂದೊಂದು ದವಾಖಾನೆ. ದಿನಾಲೂ ಮಾತ್ರೆ ಬೇಕಾದ ರೋಗಿಗಳ ಪಟ್ಟಿಯನ್ನು ಮೂರೂ ಕಡೆಯಿಂದ ಪ್ರತಿ ಸೋಮವಾರ ಹೈದರಾಬಾದಿನ ಒಂದು ವಿಮಾ ಸಂಸ್ಥೆಗೆ ಕಳಿಸಬೇಕು. ಅಲ್ಲಿನ ಮೇನ್‌ಫ್ರೇಮ್ ಪಟ್ಟಿ ನೋಡಿ ಮಂಜೂರು ಮಾಡಿದರೆ ಔಷಧದ ಡಬ್ಬಗಳು ಬರುತ್ತವೆ. ಒಬ್ಬ ರೋಗಿಗೆ ಒಂದು ಸಾಲು: ಹೆಸರು, ಗಂಡನ ಅಥವಾ ತಂದೆಯ ಹೆಸರು, ಊರು, ರೋಗದ ಕೋಡು, ಈ ವಾರ ಬಂದಿದ್ದರೆ ಹಾಜರು, ಇಲ್ಲದಿದ್ದರೆ ಗೈರು. ಸಾಲು ಇದ್ದರೆ ಮಾತ್ರೆ, ಇಲ್ಲದಿದ್ದರೆ ಇಲ್ಲ.

ಇಷ್ಟು ದಿನ ಪಟ್ಟಿ ಪೋಸ್ಟ್‌ಕಾರ್ಡಿನಂತೆ ಬಿಚ್ಚಿಕೊಂಡೇ ಹೋಗುತ್ತಿತ್ತು. ದಾರಿಯಲ್ಲಿ ಯಾರು ಬೇಕಾದರೂ ಓದಬಹುದಿತ್ತು. ಓದುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ, ಅಷ್ಟೇ. ಈಗ ಹೈದರಾಬಾದಿನಿಂದ ಹುಕುಂ ಬಂದಿತ್ತು: ಇನ್ನು ಮುಂದೆ ಗೂಢಲಿಪಿಯಲ್ಲಿ ಬೀಗ ಹಾಕಿದ ಕಡತ ಮಾತ್ರ ಸ್ವೀಕಾರ. ಮೇನ್‌ಫ್ರೇಮಿನ ಭಾಷೆಯನ್ನೂ ಸುರಪುರದ ಭಾಷೆಯನ್ನೂ ಬಲ್ಲವನು ಜಿಲ್ಲೆಯಲ್ಲಿ ಒಬ್ಬನೇ ಎಂದು ಯಾರೋ ಅವರಿಗೆ ಹೇಳಿದ್ದರು. ಅಂಥ ಮಾತಿಗೆ ಮರುಳಾಗದಷ್ಟು ವಯಸ್ಸು ನನಗಾಗಿತ್ತು. ಆದರೂ ಮರುಳಾದೆ.

ಮೂರು ದವಾಖಾನೆಗಳಲ್ಲಿ ಯಾದಗಿರಿ, ಶಹಾಪುರ ಎರಡೂ ಒಂದೊಂದು ದಿನದಲ್ಲಿ ಮುಗಿದವು. ಅಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದ ತರುಣಿಯರು ನಾನು ವಿವರಿಸುವ ಮೊದಲೇ ತಲೆಯಾಡಿಸಿ, ನಾನು ಹೋಗಲಿ ಎಂದು ಕಾಯುತ್ತಿದ್ದರು. ಸುರಪುರದಲ್ಲಿ ಇದ್ದವರು ಗುಮಾಸ್ತರು.

ಅವರು ಕಂದಾಯ ಇಲಾಖೆಯಲ್ಲಿ ಪೂರ್ಣ ಸೇವೆ ಮಾಡಿ ಇಳಿದು, ಟ್ರಸ್ಟಿನಲ್ಲಿ ಮತ್ತೆ ಹತ್ತಿದವರು. ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ಹಿರಿಯರು, ಶಿಸ್ತಿನಲ್ಲಿ ಐವತ್ತು ವರ್ಷ ಹಿರಿಯರು. ನಿಜಾಮನ ಕಾಲದ ದಫ್ತರಿನಲ್ಲಿ ಪಳಗಿದ ಮುದುಕರ ಕೈಕೆಳಗೆ ಅವರ ತರಬೇತಿ ಆಗಿತ್ತು. ಬಂದ ಕಾಗದ ಆವಕ, ಹೋದದ್ದು ಜಾವಕ, ಕಡತ ಮಿಸಲು, ಪ್ರತಿ ನಕಲು, ಎಲ್ಲಕ್ಕೂ ಅವರಲ್ಲಿ ಬೇರೆ ಬೇರೆ ಬಣ್ಣದ ದಾರ. ದನಿ ಮಾತ್ರ ಗಡಿಯಾರದ ಗಂಟೆಯಂಥದ್ದು. ತಾಲೂಕು ಕಚೇರಿಯಲ್ಲಿ ಹರಾಜು ಕೂಗುವ ಕೆಲಸವನ್ನು ಇಪ್ಪತ್ತು ವರ್ಷ ಅವರಿಗೇ ಒಪ್ಪಿಸುತ್ತಿದ್ದರಂತೆ.

ನಮ್ಮ ಮೊದಲ ಪರಿಚಯವಾದದ್ದು ಫೋನಿನಲ್ಲಿ. ಬೀಗ ಹಾಕುವ ಕೀಲಿ ನಿಜಕ್ಕೂ ಹೈದರಾಬಾದಿನದೇ ಎಂದು ಖಾತ್ರಿಪಡಿಸಿಕೊಳ್ಳಲು ಅದರ ನಲವತ್ತು ಅಕ್ಷರಗಳ ಗುರುತನ್ನು ಒಬ್ಬರು ಓದಬೇಕು, ಇನ್ನೊಬ್ಬರು ಕಾಗದದಲ್ಲಿ ನೋಡಿ ಸರಿ ಎನ್ನಬೇಕು. ಇಷ್ಟೆಲ್ಲ ಗಣಿತ ಮಾಡುವ ವ್ಯವಸ್ಥೆಗೂ ಈ ಒಂದು ಹಂತದಲ್ಲಿ ಮನುಷ್ಯನ ಬಾಯಿಯೇ ಬೇಕು. ಅದರಲ್ಲಿ ಬರುವುದು ಅಂಕಿಗಳು, ಜೊತೆಗೆ ಎ ಯಿಂದ ಎಫ್ ವರೆಗಿನ ಇಂಗ್ಲಿಷ್ ಅಕ್ಷರಗಳು. ಗುಮಾಸ್ತರು ಗೊಂದಲ ಆಗಬಾರದೆಂದು ತಮ್ಮದೇ ಕ್ರಮ ಮಾಡಿಕೊಂಡರು: ಎ ಅಂದರೆ ಅಫಜಲಪುರ, ಬಿ ಬೀದರ, ಸಿ ಚಿತ್ತಾಪುರ, ಡಿ ದೇವದುರ್ಗ. ಎಫ್ ಬಂದಾಗ ಸ್ವಲ್ಪ ತಡೆದು ಫಿರೋಜಾಬಾದ ಎಂದರು. ಇ ಬಂದಾಗ ಬಹಳ ಹೊತ್ತು ತಡೆದರು.

“ಇ ಅಂಬೋದಕ ನಮ್ಮ ಕಡಿ ಊರ ಇಲ್ರಿ,” ಎಂದರು ಕೊನೆಗೆ, ಸರ್ಕಾರದ ಲೋಪವೊಂದನ್ನು ಒಪ್ಪಿಕೊಳ್ಳುವವರಂತೆ. “ಬರೇ ಇ ಅಂತ ಬರ್ಕೊಳ್ರಿ.”

ನಲವತ್ತೂ ಸರಿ ಇದ್ದವು. ಮುಗಿದ ಮೇಲೆ ಅವರು, ಈಗ ನೀವು ಓದಿರಿ, ನಾನು ನೋಡುತ್ತೇನೆ ಎಂದರು. ಅದು ಬೇಕಿಲ್ಲವೆಂದೆ. ಅವರಿಗೆ ಸಮಾಧಾನವಾಗಲಿಲ್ಲ. ಒಬ್ಬನೇ ಓದಿದ್ದು ಅವರ ಲೆಕ್ಕದಲ್ಲಿ ಓದಿದಂತಲ್ಲ.

ಮೊದಲ ಸೋಮವಾರವೇ ಸುರಪುರದ ಕಡತವನ್ನು ಮೇನ್‌ಫ್ರೇಮ್ ಹೊರಗೆ ಒದ್ದಿತು. ತಪ್ಪು ನನ್ನದು. ಮೇನ್‌ಫ್ರೇಮಿಗೆ ತನ್ನದೇ ಒಂದು ಲಿಪಿ; ಜಗತ್ತಿನ ಉಳಿದೆಲ್ಲ ಕಂಪ್ಯೂಟರುಗಳು ಬಿಟ್ಟರೂ ಅದು ಬಿಟ್ಟಿಲ್ಲ, ನಮ್ಮ ಹಳೆಯ ಪಹಣಿಗಳು ಇಂದಿಗೂ ಉರ್ದುವಿನಲ್ಲೇ ಇರುವಂತೆ. ಅದಕ್ಕಾಗಿ ಕಳಿಸುವಾಗ ಲಿಪಿ ಬದಲಿಸುವ ಪದ್ಧತಿ ಹಿಂದಿನಿಂದ ಇದೆ. ಬೀಗ ಹಾಕಿದ ಕಡತಕ್ಕೆ ಮಾತ್ರ ಅದನ್ನು ಮಾಡಕೂಡದು. ಇದ್ದಹಾಗೇ ಕಳಿಸು ಎಂದು ಒಂದು ಪದ ಸೇರಿಸಬೇಕು. ಯಾದಗಿರಿಗೆ ಸೇರಿಸಿದ್ದೆ, ಶಹಾಪುರಕ್ಕೆ ಸೇರಿಸಿದ್ದೆ, ಸುರಪುರದ್ದನ್ನು ಊಟವಾದ ಮೇಲೆ ಮಾಡಿದ್ದೆ. ಮುಚ್ಚಿದ ಪೆಟ್ಟಿಗೆಯನ್ನು ಯಂತ್ರ ಭಾಷಾಂತರ ಮಾಡಲು ಹೋಯಿತು. ಆ ವಾರದ ಔಷಧ ಸುರಪುರಕ್ಕೆ ಒಂಬತ್ತು ದಿನ ತಡವಾಗಿ ಬಂತು.

ಸರಿಪಡಿಸಲು ಸುರಪುರಕ್ಕೆ ಹೋದೆ. ಗುಮಾಸ್ತರು ಬಾಡಿಹೋಗಿದ್ದರು. ತಮ್ಮ ಪಟ್ಟಿಯಲ್ಲೇ ಏನೋ ತಪ್ಪಿರಬೇಕೆಂದು ಅವರ ನಂಬಿಕೆ. ತಪ್ಪು ನನ್ನದೆಂದು ಹೇಳಿದೆನೇ? ಹೇಳಿದೆ, ತಾಂತ್ರಿಕ ಭಾಷೆಯಲ್ಲಿ. ಅವರಿಗೆ ಅರ್ಥವಾಗಿದ್ದರೆ ನನಗೆ ಆಶ್ಚರ್ಯವಾಗುತ್ತಿತ್ತು.

ಕೆಲಸ ಮುಗಿದು ನಾನು ಚೀಲ ಎತ್ತಿಕೊಳ್ಳುವಾಗ ಅವರು ಒಂದು ಪ್ರಶ್ನೆ ಕೇಳಿದರು. ನನ್ನ ಮೂವತ್ತೊಂದು ವರ್ಷಗಳಲ್ಲಿ ಯಾವ ಎಂಜಿನಿಯರೂ ಕೇಳದ, ಆದರೆ ಕೇಳಲೇಬೇಕಾಗಿದ್ದ ಪ್ರಶ್ನೆ.

“ಸಾಹೇಬ್ರ, ಇದರ ನಕಲು ಎಲ್ಲಿ ಇರ್ತದ?”

ಕಳಿಸಿದ ಕಡತ ಇಲ್ಲೇ ಇರುತ್ತದೆ ಎಂದು ತೋರಿಸಿದೆ. ಅವರು ತೆರೆದು ನೋಡಿದರು. ಪರದೆಯ ತುಂಬ ಕಸ. ಬೀಗ ಹಾಕಿದ ಮೇಲೆ ಹೈದರಾಬಾದಿನವರು ಮಾತ್ರ ತೆಗೆಯಬಲ್ಲರು, ಕಳಿಸಿದವರಿಗೂ ಓದಲು ಬರುವುದಿಲ್ಲ, ಅದೇ ಇದರ ಹೆಚ್ಚುಗಾರಿಕೆ ಎಂದೆ. ಗುಮಾಸ್ತರು ಕನ್ನಡಕ ತೆಗೆದರು.

“ಅಂದ್ರ, ನಾ ಏನ್ ಕಳಿಸೀನಿ ಅಂತ ನನಗ ಗೊತ್ತಿರಂಗಿಲ್ಲ. ನಾಳೆ ಅವರು ಇದು ತಪ್ಪದ ಅಂದ್ರ ನಾ ಏನ್ ತೋರಿಸ್ಲಿ?”

ಇದಕ್ಕೆ ಉತ್ತರವಿತ್ತು. ಕಡತಕ್ಕೆ ಎರಡು ಕೀಲಿಯಿಂದ ಬೀಗ ಹಾಕಬಹುದು; ಒಂದು ಹೈದರಾಬಾದಿನದು, ಇನ್ನೊಂದು ಸುರಪುರದ್ದೇ. ಆಗ ಗುಮಾಸ್ತರು ತಮ್ಮ ಪ್ರತಿಯನ್ನು ಪರದೆಯ ಮೇಲೆ ಯಾವಾಗ ಬೇಕಾದರೂ ತೆರೆದು ನೋಡಬಹುದಿತ್ತು. ಒಂದೇ ಒಂದು ಸಾಲಿನ ಬದಲಾವಣೆ, ಹತ್ತು ನಿಮಿಷದ ಕೆಲಸ. ಆದರೆ ಅದಕ್ಕೆ ಹೈದರಾಬಾದಿನ ಅನುಮತಿ ಬೇಕು, ಅನುಮತಿಗೆ ಒಂದು ಫಾರಂ, ಫಾರಮ್ಮಿಗೆ ಟ್ರಸ್ಟಿನ ರುಜು. ಶಹಾಪುರದ ಕಡೆಯ ಬಸ್ಸು ನಾಲ್ಕಕ್ಕೆ. ಗಡಿಯಾರ ಮೂರು ನಲವತ್ತು ತೋರಿಸುತ್ತಿತ್ತು.

ನಾನೆಂದೆ: “ಒಂದು ಪ್ರಿಂಟ್ ತಗದು ಅಲ್ಮಾರದಾಗ ಇಟ್ಕೊಳ್ರಿ. ಬೀಗ ಹಾಕೂ ಮೊದಲ ಚಲೋತ್ನಂಗ ತಾಳೆ ನೋಡ್ರಿ. ಆಮ್ಯಾಗ ತಿದ್ದಾಕ ಬರಂಗಿಲ್ಲ.”

ಅವರ ಮುಖ ಬೆಳಗಿತು. ಇದು ಅವರಿಗೆ ಅರ್ಥವಾಗುವ ಆದೇಶ. ಪೆನ್ನು ತೆಗೆದು ಬರೆದುಕೊಂಡರು.

ಹೊರಗೆ ಬೆಂಚಿನ ಮೇಲೆ ಮಾತ್ರೆಗಾಗಿ ಕಾದಿದ್ದವರಲ್ಲಿ ಒಬ್ಬಳು ಎದ್ದು ನನ್ನ ಹಿಂದೆ ಗೇಟಿನವರೆಗೆ ಬಂದಳು. ನಲವತ್ತರ ಆಸುಪಾಸು, ಸೆರಗು ತಲೆಯ ಮೇಲೆ. ಶಹಾಪುರ ತಾಲೂಕಿನ, ಕಾಲುವೆ ದಂಡೆಯ ಒಂದು ಹಳ್ಳಿಯವಳು. ಅಲ್ಲಿನ ಶಾಲೆಯಲ್ಲಿ ಮಕ್ಕಳ ಬಿಸಿಯೂಟದ ಅಡುಗೆ ಮಾಡುವವಳು. ಶಹಾಪುರದ ದವಾಖಾನೆ ಹತ್ತಿರವಾದರೂ ಅಲ್ಲಿ ಪರಿಚಯದವರು ಸಿಗುತ್ತಾರೆಂದು ಎರಡು ವಾಹನ ಬದಲಿಸಿ ಸುರಪುರಕ್ಕೆ ಬರುತ್ತಿದ್ದಳು. ಇದನ್ನೆಲ್ಲ ಅವಳೇ ಹೇಳಿದಳು, ಒಂದೇ ಉಸಿರಿನಲ್ಲಿ, ನನ್ನನ್ನಲ್ಲ, ಗೇಟನ್ನು ನೋಡುತ್ತ. ಗಂಡ ಹೊಳೆಯಲ್ಲಿ ಮೀನು ಹಿಡಿಯುತ್ತಿದ್ದ, ತೀರಿಕೊಂಡು ಮೂರು ವರ್ಷ. ಎಚ್‌ಐವಿ ಸೋಂಕು ಅವನಿಂದ ಬಂದದ್ದು. ಅದನ್ನು ಅವಳು ಹಾಗೆ ಹೇಳಲಿಲ್ಲ. ಪಟ್ಟಿಯಲ್ಲಿದ್ದ ಕೋಡಿನ ಅಂಕಿ ಹೇಳಿದಳು. “ನಂದು ಹದಿನೇಳ್ರಿ,” ಎಂದಳು.

ಹೊಸ ಪದ್ಧತಿಯಲ್ಲಿ ತನ್ನ ಹೆಸರೂ ಹೋಗುತ್ತದೆಯೇ ಎಂಬುದು ಅವಳ ಪ್ರಶ್ನೆ. ಹೋಗುತ್ತದೆ ಎಂದೆ. ಆದರೆ ದಾರಿಯಲ್ಲಿ ಯಾರಿಗೂ ಓದಲು ಬರುವುದಿಲ್ಲ ಎಂದು ಬಸ್ಸಿನ ಹೊತ್ತನ್ನೂ ಮರೆತು ಐದು ನಿಮಿಷ ವಿವರಿಸಿದೆ. ಇಂಥ ಗಂಭೀರ ಶ್ರೋತೃ ನನಗೆ ಅದುವರೆಗೆ ಸಿಕ್ಕಿರಲಿಲ್ಲ.

“ನಿಮಗೂ ಓದಾಕ ಬರಂಗಿಲ್ಲ?”

“ನನಗೂ ಬರಂಗಿಲ್ಲ.”

“ಒಳಗ ಇರೂ ಸಾಹೇಬ್ರಿಗೆ?”

“ಅವರಿಗೂ ಇಲ್ಲ. ಬೀಗ ಬಿದ್ದ ಮ್ಯಾಲ ಯಾರಿಗೂ ಇಲ್ಲ.”

ಅವಳು, ಶಾಲೆಯಲ್ಲಿ ಗೊತ್ತಾದರೆ ಮಕ್ಕಳು ನನ್ನ ಕೈಯಿಂದ ಒಂದು ತುತ್ತೂ ತಿನ್ನುವುದಿಲ್ಲ ಎಂದಳು. ಬೆಂಚಿಗೆ ವಾಪಸು ಹೋದಳು. ನಾನು ಬಸ್ಸು ಹಿಡಿದೆ. ಜೀವನದಲ್ಲಿ ಮೊದಲ ಬಾರಿಗೆ ನನ್ನ ವಿದ್ಯೆ ಕಣ್ಣೆದುರಿನ ಒಂದು ಜೀವಕ್ಕೆ ಉಪಯೋಗವಾಯಿತೆಂದು ಶಹಾಪುರದವರೆಗೂ ಹಿಗ್ಗಿದ್ದೆ. ಅಲ್ಲಿಂದ ಮುಂದೆ ನಿದ್ದೆ ಬಂತು.

ಆಮೇಲೆ ತಿಂಗಳುಗಟ್ಟಲೆ ಏನೂ ಆಗಲಿಲ್ಲ. ಏನೂ ಆಗದಿರುವುದೇ ನಮ್ಮ ಕಸುಬಿನಲ್ಲಿ ಪರಮಪದ. ಸೋಮವಾರ ಮಧ್ಯಾಹ್ನ ಮೂರು ಕಡತಗಳು ಹೋಗುತ್ತಿದ್ದವು, ಮೇನ್‌ಫ್ರೇಮ್ ಮೂರನ್ನೂ ನುಂಗಿ ಸೊನ್ನೆ ಎಂದು ಉತ್ತರ ಕಳಿಸುತ್ತಿತ್ತು. ಸೊನ್ನೆ ಎಂದರೆ ದೋಷ ಸೊನ್ನೆ. ಯಾದಗಿರಿಯಿಂದ, ಶಹಾಪುರದಿಂದ ಅಲ್ಲೊಂದು ಇಲ್ಲೊಂದು ಸಾಲು ತಿರಸ್ಕೃತವಾಗುತ್ತಿತ್ತು. ಸುರಪುರದ್ದು ಒಂದೂ ಇಲ್ಲ. ಟ್ರಸ್ಟಿನ ಸಭೆಯಲ್ಲಿ ಇದನ್ನು ಎತ್ತಿ ಹೇಳಿ, ಹಳೆಯ ಶಿಸ್ತಿನ ಮಹತ್ವದ ಬಗ್ಗೆ ನಾನು ನಾಲ್ಕು ಮಾತಾಡಿದ್ದೂ ಉಂಟು. ಅದು ನಡಾವಳಿಯಲ್ಲಿ ದಾಖಲಾಗಿದೆ, ಅಳಿಸಲು ಬರುವುದಿಲ್ಲ.

ಜೋಳ ತೆನೆಗಟ್ಟುವ ಹೊತ್ತಿಗೆ ಒಂದು ದಿನ ಅವಳು ಯಾದಗಿರಿಯ ದವಾಖಾನೆಗೆ ನನ್ನನ್ನು ಹುಡುಕಿಕೊಂಡು ಬಂದಳು. ಭೀಮೆಯ ಸೇತುವೆಯ ಮೇಲೆ ಬಸ್ಸು ಕೆಟ್ಟು ನಿಂತು, ಅಲ್ಲಿಂದ ನಡೆದೇ ಬಂದಿದ್ದಳು. ಕೂತುಕೊಳ್ಳಲು ಹೇಳಿದೆ, ಕೂರಲಿಲ್ಲ.

“ಯಾರಿಗೂ ಓದಾಕ ಬರಂಗಿಲ್ಲ ಅಂದಿದ್ರಿ.”

ಬರುವುದಿಲ್ಲ ಎಂದೆ.

“ಓದ್ಯಾರ್ರಿ. ಕಿಟಕಿ ತಗದು ಓದ್ಯಾರ.”

ನಡೆದದ್ದು ಇಷ್ಟು. ಹಿಂದಿನ ಸೋಮವಾರ ಅವಳು ಸುರಪುರದ ಬೆಂಚಿನ ಮೇಲೆ ಕೂತಿದ್ದಳು. ಸಾಮಾನ್ಯವಾಗಿ ಅವಳು ಬರುವುದು ಗುರುವಾರ. ಆ ಸೋಮವಾರ ಶಾಲೆಗೆ ರಜೆಯೆಂದು ಅಂದೇ ಬಂದಿದ್ದಳು. ಅವಳ ಊರಿನವನೇ ಒಬ್ಬ, ಸಕ್ಕರೆ ಕಾಯಿಲೆಯವನು, ಮೂರು ಜನರ ಆಚೆ ಕೂತಿದ್ದ. ಅವನನ್ನು ಕಂಡು ಅವಳು ಸೆರಗು ಮುಂದೆಳೆದುಕೊಂಡಳು. ತಲೆನೋವಿಗೆ ಬಂದಿದ್ದೇನೆ ಎಂದು ಹೇಳಲು ಮನಸ್ಸಿನಲ್ಲೇ ತಯಾರಿ ಮಾಡಿಕೊಂಡಳು. ಅದು ಬೇಕಾಗಲಿಲ್ಲ. ಒಳಗಿನಿಂದ ಹರಾಜು ಕೂಗುವ ದನಿಯೊಂದು ಅವಳ ಹೆಸರು, ಸತ್ತ ಗಂಡನ ಹೆಸರು, ಊರು, ಕೋಡು ಹದಿನೇಳು, ಹಾಜರು ಎಂದು ಓದಿತು. ಒಂದು ಹೆಣ್ಣು ದನಿ ‘ಸರಿ’ ಎಂದಿತು. ಕೋಡು ಬರಿಯ ಅಂಕಿಯಲ್ಲವೇ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಹದಿನೇಳರವರು ಮಾತ್ರೆ ಈಸಿಕೊಳ್ಳಲು ಕಡೆಯ ಕೋಣೆಗೆ ಹೋಗುತ್ತಾರೆ. ಆ ಕೋಣೆ ಯಾವ ರೋಗದ್ದೆಂದು ಬೆಂಚಿಗೆ ಮೊದಲಿನಿಂದ ಗೊತ್ತು. ಬೆಂಚಿಗೆ ಗೊತ್ತಿಲ್ಲದ ಗೂಢಲಿಪಿ ಇಲ್ಲ.

ಬುಧವಾರದ ಹೊತ್ತಿಗೆ ಅರ್ಧ ಶಾಲೆ ಡಬ್ಬಿ ತಂದಿತ್ತು. ಶುಕ್ರವಾರ ಅವಳು ಬಡಿಸಿದ ಅನ್ನ ತಟ್ಟೆಗಳಲ್ಲಿ ಹಾಗೇ ಉಳಿಯಿತು. ಊರಲ್ಲಿ ಮಾತು ತಣ್ಣಗಾಗುವವರೆಗೆ ಮನೆಯಲ್ಲಿರು ಎಂದು ಹೆಡ್ ಮಾಸ್ತರು ಹೇಳಿದರಂತೆ. ಅವರು ಕೆಟ್ಟವರಲ್ಲ, ಅಳುಮುಖ ಮಾಡಿಕೊಂಡೇ ಹೇಳಿದರು ಎಂದಳು. ಅಡುಗೆಯಿಂದ ಈ ರೋಗ ಹರಡುವುದಿಲ್ಲವೆಂದು ನಾನು ಹೇಳತೊಡಗಿದೆ. ಅವಳು ಕೈ ಎತ್ತಿ ನಿಲ್ಲಿಸಿದಳು. ಅದನ್ನು ಅವಳಿಗೆ ಹೇಳಿ ಏನು ಉಪಯೋಗ.

“ನನ್ನ ಹೆಸರ ತಗೀರಿ ಅದರಾಗಿಂದ.”

ಹೆಸರು ತೆಗೆದರೆ ಸಾಲು ಹೋಗುತ್ತದೆ, ಸಾಲು ಹೋದರೆ ಮಾತ್ರೆ ನಿಲ್ಲುತ್ತದೆ ಎಂದೆ. ಬೇರೆ ಹೆಸರು ಹಾಕಲು ಬರುವುದಿಲ್ಲವೇ ಎಂದಳು. ಹೈದರಾಬಾದಿನ ದಾಖಲೆಯಲ್ಲಿರುವ ಹೆಸರಿಗೆ ತಾಳೆಯಾಗದಿದ್ದರೆ ಯಂತ್ರ ಸ್ವೀಕರಿಸುವುದಿಲ್ಲ ಎಂದೆ. ನಾನು ಹೇಳಿದ್ದೆಲ್ಲ ನಿಜವಾಗಿತ್ತು. ಅವಳು “ಬರ್ತೀನ್ರಿ” ಎಂದು ಹೋದಳು.

ಮರುದಿನ ಸುರಪುರಕ್ಕೆ ಹೋದೆ. ಗುಮಾಸ್ತರು ಚಹಾ ತರಿಸಿ, ಕೇಳುವ ಮೊದಲೇ ಅಲ್ಮಾರ ತೆರೆದು ತೋರಿಸಿದರು. ಪ್ರತಿ ಸೋಮವಾರದ ಪ್ರಿಂಟು, ಹಸಿರು ದಾರ ಕಟ್ಟಿದ ಮಿಸಲು. ಪ್ರತಿ ಹಾಳೆಯ ಕೆಳಗೆ ಎರಡು ರುಜು: ಓದಿದವರು, ತಾಳೆ ನೋಡಿದವರು. ಓದಿದವರು ತಾವು, ತಾಳೆ ನೋಡಿದವರು ಔಷಧ ಕೊಡುವ ನರ್ಸಮ್ಮ.

ಇದಕ್ಕೆ ಅವರ ದಫ್ತರಿನಲ್ಲಿ ಮುಕಾಬಲಾ ಎಂದು ಹೆಸರು. ಯಾವ ನಕಲೂ ಮುಕಾಬಲಾ ಇಲ್ಲದೆ ಕಚೇರಿ ಬಿಡಕೂಡದು. ಒಬ್ಬ ಮೂಲವನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬ ನಕಲಿನ ಮೇಲೆ ಬೆರಳಿಟ್ಟು ಪ್ರತಿ ಸಾಲಿಗೂ ಸರಿ ಎನ್ನಬೇಕು. ಮನಸ್ಸಿನಲ್ಲಿ ಓದಿದರೆ ಕಣ್ಣು ಸಾಲು ಹಾರುತ್ತದೆ, ನಾಲಿಗೆ ಹಾರುವುದಿಲ್ಲ. ದವಾಖಾನೆಯಲ್ಲಿ ಮೊದಲು ಅವರು ಇದನ್ನು ಹೊಸ ನೇಮಕಾತಿಗಳ ಪತ್ರಕ್ಕೆ ಮಾತ್ರ ಮಾಡುತ್ತಿದ್ದರಂತೆ. ಪಟ್ಟಿ ಬಿಚ್ಚಿಕೊಂಡು ಹೋಗುತ್ತಿದ್ದಾಗ ತಪ್ಪಾದರೆ ಮರುದಿನ ತಿದ್ದಬಹುದಿತ್ತು. ಬೀಗ ಬಂದ ಮೇಲೆ, ಒಂದು ಸಲ ಇಡೀ ಕಡತ ತಿರಸ್ಕೃತವಾಗಿ ಔಷಧ ತಡವಾದ ಮೇಲೆ, ಪ್ರತಿ ಸೋಮವಾರ ಹನ್ನೊಂದರಿಂದ ಮುಕಾಬಲಾ. ಸೆಕೆಯೆಂದು ಕಿಟಕಿ ತೆಗೆದಿರುತ್ತಿತ್ತು. ಕಿಟಕಿಯ ಕೆಳಗೆ ಬೆಂಚು.

“ಒಂದೂ ತಪ್ಪ ಬಂದಿಲ್ಲ ನೋಡ್ರಿ,” ಎಂದರು. ಅವರ ದನಿಯಲ್ಲಿ ಹೆಮ್ಮೆ ಇತ್ತು. ನನ್ನ ಸಭೆಯ ಭಾಷಣ ಅವರವರೆಗೂ ತಲುಪಿತ್ತು.

ನಡೆದದ್ದನ್ನು ಹೇಳಿದೆ. ಅವಳ ಹೆಸರು ಹೇಳುವ ಅಗತ್ಯ ಬೀಳಲಿಲ್ಲ. ಊರು ಹೇಳುತ್ತಿದ್ದಂತೆ ಅವರ ಬೆರಳು ಇಪ್ಪತ್ತಮೂರನೆಯ ಸಾಲಿಗೆ ಹೋಗಿ ನಿಂತಿತು. ನರ್ಸಮ್ಮ ಬಾಗಿಲಲ್ಲಿ ನಿಂತವಳು ಒಳಗೆ ಬರಲಿಲ್ಲ. ಗುಮಾಸ್ತರು ಎದ್ದು ಹೋಗಿ ಕಿಟಕಿ ಮುಚ್ಚಿದರು. ಹೊರಗೆ ಅಂದು ಯಾರೂ ಇರಲಿಲ್ಲ, ಮಂಗಳವಾರ.

“ನೀವ ಅಂದಿದ್ರಲ್ಲರಿ,” ಎಂದರು, ಬಹಳ ಸಣ್ಣ ದನಿಯಲ್ಲಿ, “ಬೀಗ ಹಾಕೂ ಮೊದಲ ಚಲೋತ್ನಂಗ ತಾಳೆ ನೋಡ್ರಿ ಅಂತ.”

ತಮ್ಮ ನೋಟ್‌ಬುಕ್ಕಿನಲ್ಲಿ ಅದನ್ನು ತೋರಿಸಿದರು. ನನ್ನ ಮಾತು, ದಿನಾಂಕ, ವೇಳೆ ಮೂರು ನಲವತ್ತೆರಡು. ಅವರು ಆರೋಪಿಸುತ್ತಿರಲಿಲ್ಲ. ನಕಲು ತೋರಿಸುತ್ತಿದ್ದರು.

ಅಂದು ಮಧ್ಯಾಹ್ನವೇ ಎರಡನೆಯ ಕೀಲಿಯ ಅನುಮತಿಗೆ ಹೈದರಾಬಾದಿಗೆ ಬರೆದೆ. ಎರಡು ದಿನದಲ್ಲಿ ಬಂತು. ಆ ಒಂದು ಸಾಲು ಸೇರಿಸಿದೆ. ಹತ್ತು ನಿಮಿಷ ಎಂದು ಅಂದಾಜಿಸಿದ್ದೆ, ಎಂಟು ಹಿಡಿಯಿತು. ಪ್ರಿಂಟುಗಳನ್ನೆಲ್ಲ ಹರಿದು ಹಿತ್ತಲಲ್ಲಿ ಸುಟ್ಟೆವು. ಹಸಿರು ದಾರವನ್ನು ಗುಮಾಸ್ತರು ಬಿಚ್ಚಿ, ಸುತ್ತಿ, ಎತ್ತಿಟ್ಟುಕೊಂಡರು.

ಹೈದರಾಬಾದಿನವರು ಒಂದು ಘಟನಾ ವರದಿಯನ್ನೂ ಕೇಳಿದ್ದರು. ಅದರಲ್ಲಿ ಪ್ರಶ್ನೆಗಳು, ಮುಂದೆ ಹೌದು, ಇಲ್ಲ ಎಂಬ ಚೌಕಗಳು. ಬೀಗ ಮುರಿಯಲಾಗಿದೆಯೇ? ಇಲ್ಲ. ಕೀಲಿ ಪರರ ವಶವಾಗಿದೆಯೇ? ಇಲ್ಲ. ರವಾನೆಯ ದಾರಿಯಲ್ಲಿ ಮಾಹಿತಿ ಸೋರಿದೆಯೇ? ಇಲ್ಲ. ಏಳು ಪ್ರಶ್ನೆಗಳಿದ್ದವು, ಏಳಕ್ಕೂ ಪ್ರಾಮಾಣಿಕ ಉತ್ತರ ಇಲ್ಲ ಎಂದೇ. ಕಿಟಕಿಯ ಬಗ್ಗೆ ಪ್ರಶ್ನೆ ಇರಲಿಲ್ಲ. ಕೊನೆಯ ಖಾಲಿ ಜಾಗದಲ್ಲಿ ನಡೆದದ್ದನ್ನು ಬರೆದೆ, ನಾನು ಮೂರು ನಲವತ್ತೆರಡಕ್ಕೆ ಹೇಳಿದ್ದನ್ನೂ ಬರೆದೆ. ಉತ್ತರ ಬಂತು: ವರದಿಯನ್ನು ಪರಿಶೀಲಿಸಲಾಗಿದೆ, ಇದು ಘಟನೆಯ ವ್ಯಾಖ್ಯೆಯಲ್ಲಿ ಬರುವುದಿಲ್ಲ, ಮುಕ್ತಾಯಗೊಳಿಸಲಾಗಿದೆ.

ಮುಂದಿನ ಗುರುವಾರ ಅವಳು ಬರಲಿಲ್ಲ. ಅದರ ಮುಂದಿನ ಗುರುವಾರವೂ ಇಲ್ಲ. ಅವಳ ಬಳಿ ಇದ್ದ ಮಾತ್ರೆ ಮುಗಿಯುವ ದಿನ ನರ್ಸಮ್ಮನಿಗೆ ಬಾಯಿಪಾಠವಿತ್ತು. ಈ ಮಾತ್ರೆಯನ್ನು ಬಿಟ್ಟು ಬಿಟ್ಟು ನುಂಗಿದರೆ ಕ್ರಮೇಣ ಅದು ಕೆಲಸ ಮಾಡುವುದನ್ನೇ ನಿಲ್ಲಿಸುತ್ತದೆ, ಆಮೇಲೆ ಉಳಿದ ದಾರಿಗಳು ಕಡಿಮೆ ಎಂದು ನರ್ಸಮ್ಮ ನನಗೆ ಫೋನಿನಲ್ಲಿ ಹೇಳಿದಳು. ಮೂರು ಬಾರಿ ಗೈರು ಬಿದ್ದರೆ ಮೇನ್‌ಫ್ರೇಮ್ ಸಾಲನ್ನು ತಾನಾಗಿ ತೆಗೆಯುತ್ತದೆ ಎಂಬುದು ನನಗೆ ಗೊತ್ತಿತ್ತು. ಅಡುಗೆಯವಳು ಕೊಟ್ಟಿದ್ದ ಫೋನ್ ನಂಬರು ಶಾಲೆಯದು, ಮಾಡುವಂತಿರಲಿಲ್ಲ. ನಾನೇ ಒಯ್ಯುತ್ತೇನೆ ಎಂದೆ. ಇದು ನಿಯಮದಲ್ಲಿ ಇಲ್ಲ. ನರ್ಸಮ್ಮ ಒಂದು ತಿಂಗಳ ಮಾತ್ರೆಯ ಪೊಟ್ಟಣ ಕೊಟ್ಟಳು. ಮೇಲೆ ಚೀಟಿ, ಚೀಟಿಯ ಮೇಲೆ ಹೆಸರು.

ಆ ಹಳ್ಳಿಯ ಕ್ರಾಸಿನಲ್ಲಿ ಇಳಿದಾಗ ಹನ್ನೊಂದು ಗಂಟೆ. ಕಾಲುವೆಯಲ್ಲಿ ನೀರು ಬಿಟ್ಟಿದ್ದರು, ಎರಡೂ ಕಡೆ ನೆಲ್ಲು. ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಕಿರಾಣಿ ಅಂಗಡಿಯ ಕಟ್ಟೆಯಿಂದ ಒಬ್ಬ, ಬಿಳಿ ಪಂಚೆಯವನು, ಯಾರ ಮನಿಗೆ ಬಂದೀರಿ ಎಂದು ಕೇಳಿದ.

ಅಲ್ಲಿಯವರೆಗೆ ನಾನು ಇದನ್ನು ಯೋಚಿಸಿರಲಿಲ್ಲ. ಒಂದು ಹಳ್ಳಿಗೆ ಬಂದ ಅಪರಿಚಿತನಿಗೆ ಕೇಳುವ ಮೊದಲ ಪ್ರಶ್ನೆ ಅದು. ಅವಳ ಮನೆ ಎಂದರೆ, ದವಾಖಾನೆಯವನೊಬ್ಬ ಚೀಲ ಹಿಡಿದು ಹುಡುಕಿಕೊಂಡು ಬಂದ ಎಂದು ಸಂಜೆಯೊಳಗೆ ಊರಿಡೀ ಅವಳ ಸಾಲನ್ನು ಮತ್ತೊಮ್ಮೆ ಓದಿದಂತೆ. ನಾನು ಹೊಲ ನೋಡಲು ಬಂದಿದ್ದೇನೆ ಎಂದೆ.

ಅವನು ಹೊಲ ಕೊಡಿಸುವ ದಲಾಲಿಯೇ ಆಗಿದ್ದ. ದೈವ ಇಂಥ ವಿಷಯಗಳಲ್ಲಿ ಬಹಳ ಕರಾರುವಾಕ್ಕು. ಮುಂದಿನ ಎರಡು ಗಂಟೆ, ಜೀವಮಾನದಲ್ಲಿ ಒಂದು ಗುಂಟೆಯನ್ನೂ ಕೊಳ್ಳದ ನಾನು, ಮೂರು ಜನರ ಗದ್ದೆಗಳ ಬದುವಿನ ಮೇಲೆ ನಡೆದೆ. ಮಣ್ಣನ್ನು ಕೈಯಲ್ಲಿ ಹಿಡಿದು ಮೂಸಿದೆ. ಕಾಲುವೆಯ ಕೊನೆಗೆ ನೀರು ಮುಟ್ಟುತ್ತದೆಯೇ ಎಂದು ಅನುಮಾನ ವ್ಯಕ್ತಪಡಿಸಿದೆ. ಅವನು ನನ್ನನ್ನು ಹೊಲದ ವಿಷಯ ಬಲ್ಲವನೆಂದು ತಿಳಿದು ಗೌರವ ಹೆಚ್ಚಿಸಿದ.

ವಾಪಸು ಬರುವಾಗ ದಾರಿ ಶಾಲೆಯ ಮುಂದೆ ಹಾಯುತ್ತದೆ. ಅಡುಗೆ ಕೋಣೆಯಿಂದ ಹೊಗೆ ಬರುತ್ತಿತ್ತು. ಒಬ್ಬ ಮುದುಕಿ ಬೇಳೆ ತೊಳೆಯುತ್ತಿದ್ದಳು. ನಾನು ಏನನ್ನೂ ಕೇಳಲಿಲ್ಲ. ದಲಾಲಿ ತಾನಾಗಿಯೇ, ಊರಿನ ನೀರಿನ ವಿಷಯ ಹೇಳಿದ ದನಿಯಲ್ಲೇ, ಹೇಳತೊಡಗಿದ. ಮೊದಲು ಇಲ್ಲಿ ಬೇರೆಯವಳಿದ್ದಳು ಎಂದ. ಅವಳ ಹೆಸರು ಹೇಳಿದ, ಗಂಡನ ಹೆಸರು ಹೇಳಿದ, ರೋಗದ ಹೆಸರನ್ನು ಹೇಳಿ ಹೊಲದ ಕಡೆ ಉಗುಳಿದ.

“ಕೈ ರುಚಿ ಚಲೋ ಇತ್ತರಿ ಆಕಿದು. ಸುಳ್ಳ ಹೇಳಬಾರದು.”

ಈಗ ಎಲ್ಲಿದ್ದಾಳೆ ಎಂದು ಕೇಳಲು ಒಂದು ದಾರಿ ಹುಡುಕಿದೆ. ಹೊಸಬನಿಗೆ ಊರಿನ ಅಡುಗೆಯವಳ ಮೇಲೆ ಎಷ್ಟು ಆಸಕ್ತಿ ಇರಬಹುದು? ಕೊನೆಗೆ, ಅಂಥವರು ಊರಲ್ಲೇ ಇರುತ್ತಾರೆಯೇ ಎಂದೆ, ಹೊಲ ಕೊಳ್ಳುವವನ ಆತಂಕದಲ್ಲಿ. ಆ ವಾಕ್ಯ ನನ್ನ ಬಾಯಿಂದಲೇ ಬಂತು.

“ಎಲ್ಲಿ ಇರ್ತಾಳ್ರಿ. ಹೋದ ವಾರ ಮನಿಗೆ ಕೀಲಿ ಹಾಕ್ಕೊಂಡು ಹೋಗ್ಯಾಳ. ಗುರುಮಠಕಲ್ ಕಡಿ ಅಕ್ಕ ಅದಾಳ ಅಂತಾರ, ಹೈದರಾಬಾದಿಗೆ ಕಟ್ಟೂ ಕೆಲಸಕ್ಕ ಹೋಗ್ಯಾಳ ಅಂತಾರ. ಯಾರಿಗ್ಗೊತ್ತು.” ಆಮೇಲೆ ನನ್ನ ಮುಖ ನೋಡಿ ಕೇಳಿದ: “ಯಾಕ್ರಿ, ಆಕಿ ನಿಮಗ ಗೊತ್ತೇನು?”

“ಇಲ್ಲ,” ಎಂದೆ.

ಸುರಪುರದ ಬಸ್ಸಿನಲ್ಲಿ ಕ್ರಾಸಿನಲ್ಲೇ ಹತ್ತಿದ ಇಬ್ಬರು ನನ್ನ ಪಕ್ಕ ಕೂತರು. ಚೀಲ ತೆರೆದರೆ ಪೊಟ್ಟಣದ ಚೀಟಿ ಕಾಣುತ್ತದೆಂದು ಅನಿಸಿ, ಚೀಲದೊಳಗೇ ಕೈ ಹಾಕಿ ಉಗುರಿನಿಂದ ಚೀಟಿ ಕೀಳಿದೆ. ಅಂಟು ಗಟ್ಟಿಯಿತ್ತು. ಚೂರು ಚೂರಾಗಿ ಬಂತು. ಪ್ರತಿ ಚೂರನ್ನೂ ಬೆರಳಲ್ಲಿ ಉಂಡೆ ಮಾಡಿ ಜೇಬಿಗೆ ಹಾಕಿದೆ. ಸುರಪುರ ಬರುವ ಹೊತ್ತಿಗೆ ಪೊಟ್ಟಣದ ಮೇಲೆ ಬಿಳಿಯ ಗಾಯದಂಥ ಗುರುತಷ್ಟೇ ಉಳಿದಿತ್ತು.

ನರ್ಸಮ್ಮ ಅದನ್ನು ತಿರುಗಿಸಿ ನೋಡಿದಳು. ಚೀಟಿ ಇಲ್ಲದ ಪೊಟ್ಟಣವನ್ನು ದಾಸ್ತಾನಿಗೆ ವಾಪಸು ತೆಗೆದುಕೊಳ್ಳುವಂತಿಲ್ಲ, ಯಾರದೆಂದು ಬರೆಯದೆ ನಾಶ ಮಾಡುವಂತೆಯೂ ಇಲ್ಲ ಎಂದಳು. ಅವಳಿಗೆ ಯಾರದೆಂದು ಗೊತ್ತಿತ್ತು. ನನಗೂ ಗೊತ್ತಿತ್ತು. ರಜಿಸ್ಟರು ಮುಂದಿಟ್ಟುಕೊಂಡಿದ್ದ ಗುಮಾಸ್ತರಿಗೂ ಗೊತ್ತಿತ್ತು. ಬೆಂಚಿನ ಮೇಲೆ ನಾಲ್ಕು ಜನ ಕೂತಿದ್ದರು. ಕೊನೆಗೆ ಗುಮಾಸ್ತರು ಪೆನ್ನು ತೆಗೆದು ಅವಳ ಹೆಸರು ಬರೆದು, ರಜಿಸ್ಟರನ್ನು ನನ್ನ ಕಡೆ ತಿರುಗಿಸಿದರು. ಓದಿದೆ. ಸರಿ ಎಂದು ತಲೆಯಾಡಿಸಿದೆ. ಕಾರಣ ಎಂಬ ಕಾಲಮ್ಮಿನಲ್ಲಿ ಅವರು ಏನೂ ಬರೆದಿರಲಿಲ್ಲ. ಅಂಥದ್ದೊಂದು ಖಾಲಿ ಕಾಲಂ ಅವರ ಕೈಬರಹದಲ್ಲಿ ನಾನು ನೋಡಿದ್ದು ಅದೊಂದೇ.

ಸೋಮವಾರ ಇಪ್ಪತ್ತಮೂರನೆಯ ಸಾಲಿನ ಕೊನೆಯಲ್ಲಿ ಮೂರನೆಯ ಸಲ ಗೈರು ಎಂದು ಹಾಕಿ, ಕಡತಕ್ಕೆ ಬೀಗ ಹಾಕಿ ಕಳಿಸಿದೆವು.